ವೈಟ್ನಿಂಗ್ ಪೇಸ್ಟ್ ಹಚ್ಚಿ ಉಜ್ಜಿದರೂ ಹಲ್ಲು ಹಳದಿಯಾಗೇ ಇದೆ, ಏಕೆ?

ಪ್ರಶ್ನೆ: ಎರಡು ತಿಂಗಳಿಂದ ವೈಟ್ನಿಂಗ್ ಪೇಸ್ಟನ್ನೇ ಬಳಸುತ್ತಿದ್ದೇನೆ. ಕಾಫಿ ಕಲೆ ಹೋಯಿತು, ಹಳದಿ ಹೋಗಲಿಲ್ಲ. ಸ್ಟ್ರಿಪ್ ಅಂಟಿಸಿದರೆ ಬೆಳ್ಳಗಾಗುತ್ತದೆಯೇ?

ಉತ್ತರ: ನಿಮ್ಮ ಪೇಸ್ಟ್ ತನ್ನ ಪಾಲಿನ ಕೆಲಸ ಮುಗಿಸಿದೆ. ಕಾಫಿ, ಚಹಾ, ಎಲೆ-ಅಡಿಕೆಯ ಕಲೆ ಹಲ್ಲಿನ ಹೊರಮೈಯದು. ಪೇಸ್ಟಿನೊಳಗಿನ ಸಿಲಿಕಾದಂಥ ಸಣ್ಣ ಕಣಗಳು ಅದನ್ನು ತಿಕ್ಕಿ ತೆಗೆಯುತ್ತವೆ. ಉಳಿದ ಹಳದಿ ಬಹುಪಾಲು ಎನಾಮಲ್ (ಹಲ್ಲಿನ ಗಟ್ಟಿ ಹೊರಪದರ) ಅಡಿಯ ಡೆಂಟಿನ್ ಎಂಬ ಒಳಪದರದ್ದೇ ಬಣ್ಣ. ಎನಾಮಲ್ ಸವೆದಷ್ಟೂ ಅದು ಎದ್ದು ಕಾಣುತ್ತದೆ. ಇದ್ದಿಲ ಪುಡಿ, ನಿಂಬೆ ಹೋಳು ಹಾಕಿ ತಿಕ್ಕುವವರು ಇದನ್ನು ನೆನಪಿಡಬೇಕು: ನಿಂಬೆರಸದ ಪಿಎಚ್ (ಇದು ಕಡಿಮೆಯಾದಷ್ಟೂ ಆಮ್ಲ ಹೆಚ್ಚು) ಸುಮಾರು 2, ಎನಾಮಲ್ 5.5ರ ಆಸುಪಾಸಿನಲ್ಲೇ ಕರಗತೊಡಗುತ್ತದೆ, ಕರಗಿದ್ದು ಮತ್ತೆ ಬೆಳೆಯುವುದಿಲ್ಲ. ಇನ್ನು ಕೆಲವು ಪೇಸ್ಟುಗಳಲ್ಲಿ ನೀಲಿ ಬಣ್ಣವಿರುತ್ತದೆ. ಬಿಳಿ ಪಂಚೆಗೆ ನೀಲಿ ಹಾಕಿದ ಹಾಗೆ ಅದು ಕಣ್ಣಿಗೆ ಕಾಣುವ ಬಿಳುಪು, ಕೆಲವೇ ತಾಸಿನದು.

ಸ್ಟ್ರಿಪ್ (ಜೆಲ್ ಸವರಿದ ತೆಳು ಪ್ಲಾಸ್ಟಿಕ್ ಪಟ್ಟಿ), ಜೆಲ್‌ಗಳ ದಾರಿ ಬೇರೆ. ಅವುಗಳಲ್ಲಿನ ಹೈಡ್ರೋಜನ್ ಪೆರಾಕ್ಸೈಡ್ ಎನಾಮಲ್ ಮೂಲಕ ಡೆಂಟಿನ್‌ವರೆಗೆ ಇಳಿದು, ಬಣ್ಣ ಕೊಡುವ ಅಣುಗಳನ್ನು ಉತ್ಕರ್ಷಿಸಿ ಒಡೆಯುತ್ತದೆ. ಪೊಟ್ಟಣದ ಮೇಲೆ ಕಾರ್ಬಮೈಡ್ ಪೆರಾಕ್ಸೈಡ್ ಶೇ 10 ಎಂದಿದ್ದರೆ ಬೆರಗಾಗಬೇಡಿ. ಅದರಿಂದ ಹೊರಬರುವ ಹೈಡ್ರೋಜನ್ ಪೆರಾಕ್ಸೈಡ್ ಸುಮಾರು ಶೇ 3.5.

ಹಚ್ಚುವ ಮೊದಲು ಹಲ್ಲನ್ನು ಬಟ್ಟೆಯಿಂದ ಒರೆಸಿ ಒಣಗಿಸಿ, ಇಲ್ಲದಿದ್ದರೆ ಸ್ಟ್ರಿಪ್ ಜಾರುತ್ತದೆ. ಅಂಚು ವಸಡಿಗೆ ತಾಗದಂತೆ ಒತ್ತಿ, ಮಿಕ್ಕದ್ದನ್ನು ಹಲ್ಲಿನ ಹಿಂದಕ್ಕೆ ಮಡಚಿ. ಸಾಮಾನ್ಯವಾಗಿ ದಿನಕ್ಕೆ ಅರ್ಧ ಗಂಟೆಯಂತೆ ಎರಡು ವಾರ. ಪೊಟ್ಟಣ ಹೇಳಿದ್ದಕ್ಕಿಂತ ಹೆಚ್ಚು ಹೊತ್ತು ಬಿಡಬೇಡಿ. ವಸಡಿಗೆ ತಾಗಿದರೆ ಅಲ್ಲಿ ಬೆಳ್ಳಗೆ ಸುಟ್ಟಂತಾಗಿ ಉರಿಯುತ್ತದೆ, ಸಾಮಾನ್ಯವಾಗಿ ತಾನೇ ವಾಸಿಯಾಗುತ್ತದೆ. ಸ್ಟ್ರಿಪ್ ಕಿತ್ತ ಕೂಡಲೇ ಕಾಣುವ ಬಿಳುಪನ್ನು ಪೂರ್ತಿ ನಂಬಬೇಡಿ: ಹಲ್ಲು ನೀರು ಕಳೆದುಕೊಂಡಿರುತ್ತದೆ, ಮರುದಿನ ತುಸು ಮಂಕಾಗುತ್ತದೆ.

ತಣ್ಣೀರು ಕುಡಿದಾಗ ಹಲ್ಲು ಜುಂ ಎಂದರೆ ಒಂದೆರಡು ದಿನ ಬಿಡುವು ಕೊಟ್ಟು, ಶೇ 5 ಪೊಟ್ಯಾಸಿಯಂ ನೈಟ್ರೇಟ್ ಇರುವ ಪೇಸ್ಟ್ ಬಳಸಿ. ಹುಳುಕು ಇದ್ದರೆ ಮೊದಲು ಅದನ್ನು ತುಂಬಿಸಿ. ಹಲ್ಲಿನ ಕ್ಯಾಪ್, ಹುಳುಕಿಗೆ ತುಂಬಿದ ಸಿಮೆಂಟು ಬೆಳ್ಳಗಾಗುವುದಿಲ್ಲ, ಹೀಗಾಗಿ ಮುಂದಿನ ಹಲ್ಲಿಗೆ ಕ್ಯಾಪ್ ಇದ್ದವರಿಗೆ ಎರಡು ಬಣ್ಣವಾಗಿ ಪೇಚಾಟ. ಕೋಲಾರ, ಪಾವಗಡದ ಕಡೆಯ ಫ್ಲೋರೈಡ್ ನೀರು ಕುಡಿದು ಬೆಳೆದವರ ಕಂದು ಕಲೆಗೂ ಸ್ಟ್ರಿಪ್ ಸಾಲದು. ಬಿಳಿ ಮಚ್ಚೆಗಳು ಮೊದಲಿಗೆ ಇನ್ನಷ್ಟು ಎದ್ದು ಕಾಣಬಹುದು. ಪೆಟ್ಟು ಬಿದ್ದ ಮೇಲೆ ಒಂದೇ ಹಲ್ಲು ಕಪ್ಪಗಾಗಿದ್ದರೆ ಅಂಗಡಿಗಲ್ಲ, ದಂತವೈದ್ಯರಲ್ಲಿಗೆ ಹೋಗಿ. ಒಳಗಿನ ನರ ಸತ್ತಿರಬಹುದು.