ಹಕ್ಕಿಯ ಫೋಟೊ ಪುಸ್ತಕದ ಪುಟಕ್ಕೆ ಇಳಿದದ್ದು ಹೇಗೆ? ಹಾಫ್‌ಟೋನ್ ಟಿಪ್ಪಣಿ

ಫೋಟೊಗ್ರಫಿಯನ್ನು ಲೋಕಕ್ಕೆ ಸಾರಿದ್ದು 1839ರಲ್ಲಿ. ಬಯಲಲ್ಲೇ ತೆಗೆದ ಫೋಟೊಗಳಿದ್ದ ಹಕ್ಕಿಗೂಡುಗಳ ಪುಸ್ತಕವನ್ನು ಇಂಗ್ಲೆಂಡಿನ ಕಿಯರ್ಟನ್ ಸೋದರರು ತಂದದ್ದು 1895ರಲ್ಲಿ. ಇಷ್ಟು ತಡವಾಗಲು ಕ್ಯಾಮೆರಾದ ನಿಧಾನ ಒಂದು ಕಾರಣ (ಗೂಡು, ಮೊಟ್ಟೆಗಳಿಂದ ಶುರುವಾದದ್ದು ಅದಕ್ಕೇ, ಅವು ಅಲುಗಾಡುವುದಿಲ್ಲವಲ್ಲ!). ಇನ್ನೊಂದು ಕಾರಣ ಅಚ್ಚಿನಮನೆಯಲ್ಲಿತ್ತು: ಫೋಟೊದ ಬೂದುಗಳನ್ನು ಅಕ್ಷರಗಳ ಜೊತೆ ಅಚ್ಚೊತ್ತುವ ದಾರಿ ಬೇಕಿತ್ತು.

ಹಕ್ಕಿಪುಸ್ತಕಗಳ ಹಳೆಯ ವಿಧಾನಗಳು ಚುಟುಕಾಗಿ: ಇಂಗ್ಲೆಂಡಿನ ಬ್ಯೂಯಿಕ್‌ನದು (1797, 1804ರ ಎರಡು ಸಂಪುಟ) ಮರದ ಅಚ್ಚು, ಕೆತ್ತಿದ್ದು ಬಿಳಿ, ಉಬ್ಬಿದ್ದು ಕಪ್ಪು, ಅಕ್ಷರಗಳ ಜೊತೆಗೇ ಮುದ್ರಣ. ಅಮೆರಿಕದ ಆಡುಬನ್‌ನದು (1827–38, 435 ಚಿತ್ರಫಲಕ) ತಾಮ್ರದ ತಗಡು. ಇಲ್ಲಿ ಉಲ್ಟಾ, ಮಸಿ ನಿಲ್ಲುವುದು ತಗ್ಗಿನಲ್ಲಿ. ಇಂಗ್ಲೆಂಡಿನ ಗೌಲ್ಡ್‌ನದು ಕಲ್ಲಚ್ಚು (ಕಲ್ಲಿನ ಮೇಲೆ ಬರೆದು ಮುದ್ರಿಸುವುದು). ಕೊನೆಯ ಇಬ್ಬರದಕ್ಕೂ ಬಣ್ಣ ಕೈಯಿಂದ.

ಈಗ ತಲೆ ತಿನ್ನುವ ಭಾಗ. ಮಸಿ ಹತ್ತುತ್ತದೆ, ಇಲ್ಲವೇ ಹತ್ತುವುದಿಲ್ಲ. ಬೂದು ಮಸಿ ಅಂತ ಬೇರೆ ಇಲ್ಲ. ಹಾಗಾದರೆ ಹಕ್ಕಿಯ ಎದೆಯ ತಿಳಿಬೂದು ಬರುವುದೆಲ್ಲಿಂದ? ಚುಕ್ಕಿಗಳಿಂದ. ಎಲ್ಲ ಚುಕ್ಕಿಯೂ ಅಷ್ಟೇ ಕಪ್ಪು, ಗಾತ್ರ ಮಾತ್ರ ಬೇರೆ. ಇದೇ ಹಾಫ್‌ಟೋನ್.

ಫೋಟೊವನ್ನು ಮತ್ತೆ ಕ್ಯಾಮೆರಾದ ಮುಂದಿಟ್ಟು, ಒಳಗೆ ಬೆಳಕು ಹಿಡಿಯುವ ಪ್ಲೇಟಿನ ತುಸು ಮುಂದೆ ಅಡ್ಡ-ಉದ್ದ ಗೆರೆಗಳ ಗಾಜು ನಿಲ್ಲಿಸುತ್ತಿದ್ದರು. ಗೆರೆಗಳ ನಡುವಿನ ಕಂಡಿಯಲ್ಲಿ ತೂರಿದ ಬೆಳಕು ಚುಕ್ಕಿಯಾಗುತ್ತದೆ. ಎದೆ ಬೆಳ್ಳಗಿದ್ದರೆ ಬೆಳಕು ಹೆಚ್ಚು. ನೆಗೆಟಿವ್‌ನಲ್ಲಿ (ಬೆಳಕು ಬಿದ್ದಲ್ಲಿ ಕಪ್ಪಾಗುವ ಚಿತ್ರ) ಕಪ್ಪುಚುಕ್ಕಿಗಳು ದಪ್ಪಗಾಗಿ ಕೂಡಿಕೊಳ್ಳುತ್ತವೆ. ಅಂದಮೇಲೆ ಬಿಳಿ ಎದೆ ಕಪ್ಪಾಗಿ ಅಚ್ಚಾಗಬೇಕಲ್ಲವೇ? ಇಲ್ಲ, ಇನ್ನೊಂದು ಮಗುಚು ಬಾಕಿ ಇದೆ. ಬೆಳಕಿಗೆ ಗಟ್ಟಿಯಾಗುವ ಲೇಪ ಹಚ್ಚಿದ ತಾಮ್ರ ಅಥವಾ ಸತುವಿನ ತಗಡಿನ ಮೇಲೆ ಈ ನೆಗೆಟಿವ್ ಇಟ್ಟು ಬೆಳಕು ಬಿಡುತ್ತಿದ್ದರು. ದಪ್ಪ ಚುಕ್ಕಿಗಳ ನಡುವಿನ ಪುಟ್ಟ ಸಂದುಗಳಲ್ಲಷ್ಟೇ ಬೆಳಕು ಇಳಿದು ಲೇಪ ಗಟ್ಟಿಯಾಗುತ್ತದೆ. ಮಿಕ್ಕ ಲೇಪ ತೊಳೆದುಹೋಗಿ, ಆ ಜಾಗವನ್ನು ಆಮ್ಲ ತಿಂದು ತಗ್ಗು ಮಾಡುತ್ತದೆ. ಎದೆಯ ಜಾಗದಲ್ಲಿ ಉಬ್ಬಿ ಉಳಿಯುವುದು ಸೂಜಿಮೊನೆಯಷ್ಟು ಚುಕ್ಕಿಗಳು. ಮಸಿ ಅವಕ್ಕೆ ಮಾತ್ರ, ಉಳಿದದ್ದೆಲ್ಲ ಕಾಗದದ ಬಿಳಿ.

ನನ್ನ ಬಾಯಿಪಾಠ: ಬೆಳಕು, ಕಪ್ಪು, ತಡೆ, ತಗ್ಗು, ಬಿಳಿ. ಕಪ್ಪು ರೆಕ್ಕೆಗೆ ಐದನ್ನೂ ಉಲ್ಟಾ ಮಾಡಿಕೊಂಡರೆ ಆಯಿತು.

ಈ ತಗಡನ್ನು ಮರದ ತುಂಡಿಗೆ ಜಡಿದರೆ ಅಕ್ಷರದ ಅಚ್ಚುಮೊಳೆಯ ಎತ್ತರಕ್ಕೆ ಸಮ. ಬ್ಯೂಯಿಕ್‌ನ ಮರದಂತೆ ಪಠ್ಯದ ಜೊತೆಗೇ ಕೂರುತ್ತದೆ. ನಮ್ಮ ಹಳೆಯ ಪ್ರೆಸ್ಸುಗಳಲ್ಲಿ ಫೋಟೊಗೆ ‘ಬ್ಲಾಕ್ ಮಾಡಿಸಿ’ ಅನ್ನುತ್ತಿದ್ದದ್ದು ಇದನ್ನೇ.

ಭೂತಗನ್ನಡಿ ಹಿಡಿಯುವವರಿಗೆ ಒಂದು ಎಚ್ಚರಿಕೆ: ಆಡುಬನ್‌ನ ಮೂಲ ಫಲಕಗಳಲ್ಲೂ ಅಕ್ವಾಟಿಂಟಿನ (ತಾಮ್ರದ ತಗಡಿನಲ್ಲಿ ಬೂದುಛಾಯೆ ತರುವ ಆಮ್ಲದ ವಿಧಾನ) ಸಣ್ಣ ಕಣಗಳಿವೆ, ಆದರೆ ಅವು ಅಡ್ಡಾದಿಡ್ಡಿ. ಚುಕ್ಕಿಗಳು ಅಳತೆ ಹಿಡಿದು ಸಾಲಾಗಿ ನಿಂತಿದ್ದರೆ ಅದು ಆಮೇಲಿನ ಮರುಮುದ್ರಣ.