ತೊಗರಿ ಬೆಳೆಯುವ ಮಣ್ಣಿನಲ್ಲಿ ಟೊಮೆಟೊ ಸಸಿ ಏಕೆ ಏಳುವುದಿಲ್ಲ?

ಪ್ರಶ್ನೆ: ಬೇಸಿಗೆಗೆ ಮುಂಚೆ ಗಿಡ ಸಿದ್ಧವಾಗಲೆಂದು ಮನೆಯೊಳಗೆ ಪ್ಲಾಸ್ಟಿಕ್ ಲೋಟಗಳಲ್ಲಿ ಟೊಮೆಟೊ, ಮೆಣಸಿನಕಾಯಿ, ಚೆಂಡುಹೂವಿನ ಬೀಜ ಹಾಕುತ್ತೇನೆ. ಅರ್ಧಕ್ಕರ್ಧ ಮೊಳೆಯುವುದೇ ಇಲ್ಲ. ಮೊಳೆತವು ವಾರದೊಳಗೆ ಬುಡದಲ್ಲಿ ಬಾಗಿ ಮಲಗುತ್ತವೆ. ಹೊಲದ ಒಳ್ಳೆಯ ಎರೆ ಮಣ್ಣನ್ನೇ (ಕಪ್ಪು ಜಿಗುಟು ಮಣ್ಣು) ತುಂಬಿದ್ದೇನೆ. ಬೀಜ ಕೆಟ್ಟದ್ದೇ?

ಉತ್ತರ: ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ (ಭೂತಾಯಿಗೆ ನೈವೇದ್ಯ) ಚೆಲ್ಲಿ ಬರುವಾಗ ಗಾಡಿಯಲ್ಲಿ ಒಂದು ಚೀಲ ಎರೆ ಮಣ್ಣೂ ಊರಿಗೆ ಬರುತ್ತದೆ, ಸಂಕ್ರಾಂತಿ ಕಳೆಯುವಷ್ಟರಲ್ಲಿ ಈ ಪ್ರಶ್ನೆ ನನ್ನ ಬಳಿಗೆ ಬರುತ್ತದೆ. ಎಷ್ಟು ಸಲ ಉತ್ತರಿಸಿದ್ದೇನೋ ಲೆಕ್ಕವಿಲ್ಲ. ಈ ಸಲ ಬಿಡಿಸಿಯೇ ಹೇಳುತ್ತೇನೆ: ಬೀಜ ಕೆಟ್ಟಿಲ್ಲ, ಲೋಟಕ್ಕೆ ಎರೆ ಮಣ್ಣು ಹಾಕಬೇಡಿ.

ಹೀಗೆಂದ ಕೂಡಲೇ ಬರುವ ಮಾತು ಒಂದೇ: “ತೊಗರಿ ಬೆಳೆಯುವ ಮಣ್ಣಿಗೆ ಟೊಮೆಟೊ ಯಾವ ಲೆಕ್ಕ?” ನಮ್ಮ ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದೆ, ಆ ಹೆಮ್ಮೆ ನನಗೂ ಇದೆ. ಆದರೆ ಎರಡೂ ಬೀಜಗಳನ್ನು ಅಂಗೈ ಮೇಲಿಟ್ಟು ನೋಡಿ. ನೂರು ತೊಗರಿ ಕಾಳು ಸುಮಾರು 10 ಗ್ರಾಂ ತೂಗುತ್ತವೆ. ಟೊಮೆಟೊ ಬೀಜ ಒಂದೇ ಗ್ರಾಮಿಗೆ ಮುನ್ನೂರರಷ್ಟು ಬರುತ್ತವೆ. ಮೊಳೆಯುವ ರೀತಿಯೂ ಬೇರೆ. ತೊಗರಿ ತನ್ನ ಎರಡು ಬೇಳೆಗಳನ್ನು ಮಣ್ಣಿನೊಳಗೇ ಬಿಟ್ಟು, ಚೂಪಾದ ಕುಡಿಯನ್ನು ಮಾತ್ರ ಮೇಲಕ್ಕೆ ಕಳಿಸುತ್ತದೆ. ಟೊಮೆಟೊ ಮೊಳಕೆ ಕೊಕ್ಕೆಯಂತೆ ಬಾಗಿ, ಎರಡೂ ಬೀಜದೆಲೆಗಳನ್ನು ಹೊತ್ತುಕೊಂಡೇ ಮೇಲೆ ಬರಬೇಕು. ನೀರು ಹಾಕಿ ಒಣಗಿದ ಎರೆ ಮಣ್ಣಿನ ಮೇಲೆ ಹೆಪ್ಪು ಕಟ್ಟುತ್ತದೆ. ದಾರದಷ್ಟು ತೆಳುವಾದ ಕೊಕ್ಕೆ ಅದನ್ನು ಎತ್ತಲಾರದೆ ಕೆಳಗೇ ಮುರಿಯುತ್ತದೆ. ನೀವು “ಮೊಳೆಯಲಿಲ್ಲ” ಎನ್ನುವ ಬೀಜಗಳಲ್ಲಿ ಎಷ್ಟೋ ಮೊಳೆತೇ ಸತ್ತಿರುತ್ತವೆ. ಮಣ್ಣು ಕೆದಕಿದರೆ ಬಿಳಿ ಎಳೆ ಕಾಣುತ್ತದೆ.

ಇನ್ನೂ ನಂಬಿಕೆ ಬಾರದಿದ್ದರೆ ಒಂದು ಲೋಟ ಎರೆ ಮಣ್ಣನ್ನು ಚೆನ್ನಾಗಿ ನೆನೆಸಿ, ಎಂಟು ದಿನ ಹಾಗೆಯೇ ಬಿಡಿ. ಮಣ್ಣು ಕುಗ್ಗಿ ಲೋಟದ ಗೋಡೆ ಬಿಟ್ಟು ನಿಲ್ಲುತ್ತದೆ. ಆ ಸಂದಿಯಲ್ಲಿ ಉಗುರು ತೂರುತ್ತದೆ. ಈಗ ನೀರು ಹಾಕಿ. ಸಂದಿಯಲ್ಲಿ ಸರ್ರನೆ ಇಳಿದು ತಳದ ತೂತಿನಿಂದ ಹೊರಗೆ ಹೋಗುತ್ತದೆ, ನಡುವಿನ ಹೆಂಟೆ ಒಣಗಿಯೇ ಇರುತ್ತದೆ. ಬಿರಿಯುವಾಗ ಎಳೆಯ ಬೇರುಗಳೂ ಹರಿಯುತ್ತವೆ. ಹೊಲದಲ್ಲಿ ಇದೇ ಮಣ್ಣು ಆಳಕ್ಕೆ ತೇವ ಹಿಡಿದಿಟ್ಟುಕೊಳ್ಳುತ್ತದೆ, ತೊಗರಿಯ ತಾಯಿಬೇರು ಅಲ್ಲಿಗೆ ಇಳಿಯುತ್ತದೆ. ನಾಲ್ಕು ಬೆರಳು ಎತ್ತರದ ಲೋಟದಲ್ಲಿ ಇಳಿಯಲು ಆಳವೆಲ್ಲಿದೆ? ಬಿರಿಯಬಾರದೆಂದು ದಿನವೂ ನೀರು ಹಾಕಿದರೆ ಗಾಳಿಯಾಡದೆ ಸಸಿ ಕೊಳೆ ರೋಗ ಹತ್ತುತ್ತದೆ. ಬುಡ ನೂಲಿನಂತಾಗಿ ಮಲಗುವುದು ಅದರಿಂದಲೇ. ಒಂದು ಹಿಡಿ ಮರಳು ಬೆರೆಸಿದರೂ ಇದು ಸರಿಹೋಗುವುದಿಲ್ಲ.

ಮಸಾರಿ ಮಣ್ಣು (ಸಡಿಲವಾದ ಕೆಂಪು ಮಣ್ಣು), ತೊಳೆದು ಹಿಂಡಿದ ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಜರಡಿ ಹಿಡಿದ ಎರೆಹುಳು ಗೊಬ್ಬರ, ಮೂರೂ ಸಮಪಾಲು ಸಾಕು. ಬೀದರಿನವರಿಗೆ ಊರ ಸುತ್ತಲಿನ ಕೆಂಪು ಮಣ್ಣೇ ಆದೀತು. ಬೀಜದ ಮೇಲೆ ಅದರ ದಪ್ಪದ ಎರಡರಷ್ಟು ಮಾತ್ರ ಮಣ್ಣು ಉದುರಿಸಿ. ಮೆಣಸಿನಕಾಯಿ ಬೀಜಕ್ಕೆ 25 ಡಿಗ್ರಿಗಿಂತ ಹೆಚ್ಚಿನ ಬಿಸುಪು ಬೇಕು, ಜನವರಿಯ ರಾತ್ರಿಗಳು ಅದಕ್ಕೆ ತಂಪು. ಆದ್ದರಿಂದ ಮೊಳೆಯುವ ತನಕ ಲೋಟಗಳು ಒಲೆಯ ಬಳಿಯ ಗೂಡಿನಲ್ಲಿರಲಿ, ಮೊಳಕೆ ಕಂಡ ದಿನವೇ ಬೆಳಗಿನ ಬಿಸಿಲಿಗೆ ಹೋಗಲಿ. ಟೊಮೆಟೊವನ್ನು ಎಳ್ಳ ಅಮಾವಾಸ್ಯೆಯ ವಾರದಲ್ಲೇ ಹಾಕಿ. ಹಗಲಿನ ಬಿಸಿ 35 ಡಿಗ್ರಿ ದಾಟಿದರೆ ಹೂವು ಕಾಯಿ ಕಚ್ಚದೆ ಉದುರುತ್ತದೆ, ನಮ್ಮಲ್ಲಿ ಮಾರ್ಚ್ ತಿಂಗಳಲ್ಲೇ ಆ ಬಿಸಿಲು ಬಂದುಬಿಡುತ್ತದೆ. ಬೆಂಡೆ, ಹೀರೆ, ಚವಳಿಗೆ (ಗೋರಿಕಾಯಿ) ಲೋಟದ ಗೊಡವೆಯೇ ಬೇಡ, ನೆಲದಲ್ಲೇ ಊರಿ. ತಂದ ಎರೆ ಮಣ್ಣನ್ನು ಚೆಲ್ಲಬೇಡಿ. ಸಸಿ ದೊಡ್ಡ ಕುಂಡಕ್ಕೆ ಹೋದಾಗ ಅದರಲ್ಲಿ ಕಾಲು ಭಾಗ ಬೆರೆಸಿದರೆ ಏಪ್ರಿಲ್ ಬಿಸಿಲಿಗೆ ತೇವ ಹಿಡಿದುಕೊಳ್ಳುತ್ತದೆ.

ಚೆಂಡುಹೂವಿನ ಬೀಜ ಎಲ್ಲಿಂದ ತಂದಿರಿ ಎಂಬುದನ್ನು ನೀವು ಬರೆದಿಲ್ಲ, ಆದರೂ ಹೇಳಿಬಿಡುತ್ತೇನೆ. ದೀಪಾವಳಿಗೆ ಬಾಗಿಲಿಗೆ ಕಟ್ಟಿದ ಮಾಲೆ ಒಣಗಿದ ಮೇಲೆ ಅದನ್ನೇ ಮುರಿದು ಬಿತ್ತುವವರು ಬಹಳ. ಮಾಲೆಯ ಹೂವನ್ನು ಬೀಜ ಬಲಿಯುವ ಮೊದಲೇ ಕಿತ್ತಿರುತ್ತಾರೆ. ಒಂದು ಎಸಳು ಎಳೆದು, ಅದರ ಬುಡದ ಕಪ್ಪು ಕಡ್ಡಿಯನ್ನು ಉಗುರಿನಿಂದ ಒತ್ತಿ ನೋಡಿ. ಚಪ್ಪಟೆಯಾಗಿ ಮಡಚಿಕೊಂಡರೆ ಜೊಳ್ಳು, ಗಟ್ಟಿಯಾಗಿ ಎದುರೊತ್ತಿದರೆ ಬೀಜ. ಈ ವರ್ಷ ಗಿಡದಲ್ಲಿ ಎರಡು ಹೂವನ್ನು ಕೀಳದೆ ಬಿಡಿ. ಹೂವಿನ ಕೆಳಗಿನ ಹಸಿರು ಬಟ್ಟಲು ಕಂದು ಬಣ್ಣಕ್ಕೆ ತಿರುಗಿ, ತೊಟ್ಟು ಒಣಗಿ ಚಟ್ಟನೆ ಮುರಿಯುವಂತಾದಾಗ ಬಿಡಿಸಿ ಕಾಗದದಲ್ಲಿ ಕಟ್ಟಿಡಿ.