ಲಿಂಕನ್ ಬಾಡಿನ ಹದಿಮೂರು ದಿನ ಟ್ರೈನಲ್ಲಿ ಊರೂರು ಸುತ್ತಿಸಿದ್ದು ಯಾಕೆ?

ಪ್ರಶ್ನೆ: ಸರ್, ಅಬ್ರಹಾಂ ಲಿಂಕನ್ ತೀರ್ಕೊಂಡಿದ್ದು 1865 ಏಪ್ರಿಲ್ 15ಕ್ಕೆ, ಮಣ್ಣು ಮಾಡಿದ್ದು ಮೇ 4ಕ್ಕೆ ಅಂತ ಓದ್ದೆ. ಮಧ್ಯದಲ್ಲಿ ಟ್ರೈನಲ್ಲಿ ಇಟ್ಕೊಂಡು ಊರೂರು ಸುತ್ತಿಸಿದ್ರಂತೆ. ಯಾಕೆ? ಫ್ರಿಜ್ಜೂ ಇಲ್ಲದ ಕಾಲ, ಬಾಡಿ ಕೆಟ್ಟು ಹೋಗ್ಲಿಲ್ವಾ?

ಉತ್ತರ: ಲಿಂಕನ್ ವಿಷಯ ಎತ್ತಿದಾಗೆಲ್ಲ ಯಾರಾದ್ರೂ ಒಬ್ರು ಇದನ್ನ ಕೇಳೇ ಕೇಳ್ತಾರೆ, ಕೇಳೋದ್ರಲ್ಲಿ ತಪ್ಪೂ ಇಲ್ಲ. ನಮ್ಮಲ್ಲಿ ಮಗ ಫಾರಿನ್ನಿಂದ ಬರಬೇಕು ಅಂತ ಐಸ್ ಬಾಕ್ಸ್ ತರಿಸಿ ಒಂದಿನ ಜಾಸ್ತಿ ಇಟ್ಕೊಂಡ್ರೇ ಅಕ್ಕಪಕ್ಕದವರು "ಯಾವಾಗ ಎತ್ತೋದು" ಅಂತ ಮೆಲ್ಲಗೆ ಕೇಳೋಕೆ ಶುರು ಮಾಡ್ತಾರೆ, ಇಲ್ಲಿ ನೋಡಿದ್ರೆ ಹತ್ತೊಂಬತ್ತು ದಿನ. ಕೆಟ್ಟಿತಾ ಅಂದ್ರೆ, ಹೌದು, ಸ್ವಲ್ಪ ಕೆಟ್ಟಿತು, ಜೊತೇಲಿದ್ದವರಿಗೂ ಅದು ಗೊತ್ತಿತ್ತು. ಗೊತ್ತಿದ್ದೂ ಯಾಕೆ ನಿಲ್ಲಿಸ್ಲಿಲ್ಲ, ಜನ ಗಂಟೆಗಟ್ಟಲೆ ಕ್ಯೂ ನಿಂತು ಅದನ್ನೇ ನೋಡೋಕೆ ಯಾಕೆ ಬಂದ್ರು ಅನ್ನೋದೇ ಇಲ್ಲಿ ಮುಖ್ಯ ವಿಷಯ.

ಸಾವಿನ ಕಥೆ ಎಲ್ರಿಗೂ ಗೊತ್ತಿರೋದೇ, ಬೇಗ ಮುಗಿಸ್ತೀನಿ. ಏಪ್ರಿಲ್ 14, ಗುಡ್ ಫ್ರೈಡೇ ರಾತ್ರಿ, ವಾಷಿಂಗ್ಟನ್ನಿನ ಫೋರ್ಡ್ಸ್ ಥಿಯೇಟರಲ್ಲಿ ನಾಟಕ ನೋಡ್ತಿದ್ದಾಗ ಜಾನ್ ವಿಲ್ಕ್ಸ್ ಬೂತ್ ಅನ್ನೋ ನಟ ಹಿಂದಿನಿಂದ ತಲೆಗೆ ಗುಂಡು ಹೊಡೆದ. ಎದುರುಗಡೆ ಮನೆಗೆ ಎತ್ಕೊಂಡು ಹೋದ್ರು, ಬೆಳಗ್ಗೆ 7:22ಕ್ಕೆ ಪ್ರಾಣ ಹೋಯ್ತು. ಗುಲಾಮಗಿರಿ ವಿಷಯಕ್ಕೆ ಅಮೆರಿಕಾದ ಉತ್ತರ ದಕ್ಷಿಣ ರಾಜ್ಯಗಳ ಮಧ್ಯೆ ನಾಲ್ಕು ವರ್ಷ ನಡೆದ ಯುದ್ಧದಲ್ಲಿ, ದಕ್ಷಿಣದವರ ಮುಖ್ಯ ಸೇನಾಪತಿ ಲೀ ಲಿಂಕನ್ ಕಡೆಯ ಉತ್ತರದವರಿಗೆ ಶರಣಾಗಿ ಇನ್ನೂ ಒಂದು ವಾರಾನೂ ಆಗಿರ್ಲಿಲ್ಲ, ಉತ್ತರದ ಊರುಗಳಲ್ಲಿ ಗೆದ್ದ ಖುಷಿಗೆ ಕಟ್ಟಿದ್ದ ಬಾವುಟಗಳನ್ನ ಇಳಿಸೋ ಮೊದಲೇ ಕರಿ ಬಟ್ಟೆ ಕಟ್ಟಬೇಕಾಗಿ ಬಂತು.

ಈಗ ಎಂಬಾಮಿಂಗ್ ವಿಷಯ, ಅಂದ್ರೆ ಹೆಣ ಕೆಡದ ಹಾಗೆ ಕೆಮಿಕಲ್ ತುಂಬೋದು. ಆ ಯುದ್ಧಕ್ಕಿಂತ ಮುಂಚೆ ಅಮೆರಿಕಾದಲ್ಲಿ ಅದು ಸಾಮಾನ್ಯ ಜನರ ಮನೇಲಿ ನಡೀತಿದ್ದ ಸಂಗತಿಯೇ ಅಲ್ಲ, ಸತ್ರೆ ಮನೆಯವರೇ ತೊಳೆದು ಬಟ್ಟೆ ಹಾಕಿ ಬೇಗ ಮಣ್ಣು ಮಾಡ್ತಿದ್ರು, ನಮ್ಮ ತರಾನೇ. 1861ರಲ್ಲಿ ಯುದ್ಧ ಶುರುವಾಯ್ತು ನೋಡಿ, ಹುಡುಗ್ರು ಮನೆಯಿಂದ ನೂರಾರು ಮೈಲಿ ದೂರದಲ್ಲಿ ಸಾಯೋಕೆ ಶುರು ಮಾಡಿದ್ರು, ಮನೇಲಿದ್ದ ಅಪ್ಪ ಅಮ್ಮಂಗೆ ಮಗನ ಮುಖ ಒಂದ್ಸಲ ನೋಡಬೇಕು. ಆಗ ರಕ್ತನಾಳಕ್ಕೆ ಕೆಮಿಕಲ್ ತುಂಬಿ ದೇಹ ಕಾಪಾಡೋ ಡಾಕ್ಟರ್‌ಗಳು ಸೈನ್ಯದ ಕ್ಯಾಂಪ್ ಪಕ್ಕದಲ್ಲೇ ಟೆಂಟ್ ಹಾಕಿ ಬಿಸಿನೆಸ್ ಶುರು ಮಾಡಿದ್ರು. ದುಡ್ಡಿದ್ದವರ ಮಗ ರೈಲಲ್ಲಿ ಊರಿಗೆ ಬಂದ, ಇಲ್ಲದವರ ಮಗ ಯಾವುದೋ ಹೊಲದಲ್ಲಿ ಹೆಸರಿಲ್ಲದ ಗುಂಡಿಗೆ ಹೋದ. ಒಟ್ಟು ಸತ್ತವರು 6 ಲಕ್ಷಕ್ಕೂ ಮೇಲೆ.

ಲಿಂಕನ್ ಮನೆಗೂ ಇದು ಹೊಸದಲ್ಲ. ಯುದ್ಧದ ಶುರುವಲ್ಲೇ ಸತ್ತ ಅವರ ಕುಟುಂಬದ ಆಪ್ತ ಎಲ್ಮರ್ ಎಲ್ಸ್‌ವರ್ತ್ ಅನ್ನೋ ಯುವ ಅಧಿಕಾರಿಗೆ ಎಂಬಾಮಿಂಗ್ ಮಾಡಿಸಿ ವೈಟ್ ಹೌಸಲ್ಲೇ ದರ್ಶನಕ್ಕೆ ಇಟ್ಟಿದ್ರು. 1862 ಫೆಬ್ರವರಿಲಿ ಹನ್ನೊಂದು ವರ್ಷದ ಮಗ ವಿಲ್ಲಿ ಟೈಫಾಯ್ಡ್ ಬಂದು ಹೋದ, ಅವನಿಗೂ ಮಾಡಿಸಿದ್ರು. ಮೂರು ವರ್ಷ ಆದ್ಮೇಲೆ ಅದೇ ಬ್ರೌನ್ ಅಂಡ್ ಅಲೆಕ್ಸಾಂಡರ್ ಕಂಪನಿಯವರು ಅಪ್ಪನ ಕೆಲಸಕ್ಕೆ ವೈಟ್ ಹೌಸಿಗೆ ಬಂದ್ರು. ಈಗ ಬಳಸೋ ಫಾರ್ಮಲಿನ್ ಆಗ ಈ ಕೆಲಸಕ್ಕೆ ಬಂದಿರ್ಲಿಲ್ಲ, ಅವತ್ತಿನ ಕೆಮಿಕಲ್ಲು ದೇಹನ ಕಲ್ಲಿನ ತರ ಗಟ್ಟಿ ಮಾಡ್ತಿತ್ತು, ಆದ್ರೆ ಬಣ್ಣ ಕಾಪಾಡೋದ್ರಲ್ಲಿ ಅಷ್ಟಕ್ಕಷ್ಟೆ.

ಸರಿ, ಎಂಬಾಮಿಂಗ್ ಆಯ್ತು, ವಾಷಿಂಗ್ಟನ್ನಲ್ಲೇ ಮಣ್ಣು ಮಾಡಬಹುದಿತ್ತಲ್ಲ? ಹೆಂಡತಿ ಮೇರಿ ಬಿಡಲಿಲ್ಲ, ಇಲಿನಾಯ್‌ನ ಸ್ಪ್ರಿಂಗ್‌ಫೀಲ್ಡೇ ಆಗಬೇಕು ಅಂದ್ರು. ಹಾಗಾದ್ರೆ ನೇರವಾಗಿ ಹೋಗಬಹುದಿತ್ತಲ್ಲ? ಇಲ್ಲಿ ಯುದ್ಧ ಮಂತ್ರಿ ಎಡ್ವಿನ್ ಸ್ಟಾಂಟನ್ ಬರ್ತಾರೆ. ಅವರಿಗೂ ಬೇರೆ ಬೇರೆ ರಾಜ್ಯಗಳ ಗವರ್ನರ್‌ಗಳಿಗೂ ಬಾಡಿ ತಮ್ಮೂರಿಗೂ ಬರಲಿ ಅಂತ ಆಸೆ. 1861ರಲ್ಲಿ ಗೆದ್ದು ಪ್ರೆಸಿಡೆಂಟ್ ಆಗೋಕೆ ಸ್ಪ್ರಿಂಗ್‌ಫೀಲ್ಡಿಂದ ವಾಷಿಂಗ್ಟನ್ನಿಗೆ ಬಂದಾಗ ಲಿಂಕನ್ ಯಾವ ದಾರೀಲಿ ಬಂದಿದ್ರೋ ಹೆಚ್ಚುಕಮ್ಮಿ ಅದೇ ದಾರೀಲಿ ಹಿಂದಕ್ಕೆ ಕರ್ಕೊಂಡು ಹೋಗೋದು ಅಂತ ತೀರ್ಮಾನ ಆಯ್ತು, ಪಿಟ್ಸ್‌ಬರ್ಗು ಸಿನ್ಸಿನಾಟಿ ಬಿಟ್ಟು ಶಿಕಾಗೋ ಸೇರಿಸಿದ್ರು. ಸುಮಾರು 1,650 ಮೈಲಿ ಅಂದ್ರೆ 2,600 ಕಿಲೋಮೀಟರ್ ಮೇಲೆ. ಮೇರಿಗೆ ಈ ಸುತ್ತಾಟ ಇಷ್ಟ ಇರ್ಲಿಲ್ಲ, ಆಮೇಲೆ ಒಪ್ಪಿದ್ರು, ಆದ್ರೆ ಜೊತೇಲಿ ಹೋಗ್ಲಿಲ್ಲ, ಮೇ ಕೊನೇವರೆಗೂ ವೈಟ್ ಹೌಸಿನ ರೂಮಿಂದ ಹೆಚ್ಚು ಹೊರಗೇ ಬರಲಿಲ್ಲ. ಗಂಡನ ಜೊತೆ ಹೋಗಿದ್ದು ವಿಲ್ಲಿ. ಮೂರು ವರ್ಷದ ಹಿಂದೆ ಇಟ್ಟಿದ್ದ ಆ ಮಗುವಿನ ಪೆಟ್ಟಿಗೇನೂ ತೆಗೆಸಿ ಅದೇ ಬೋಗೀಲಿ ಇಟ್ರು.

ಆ ಬೋಗಿ ಬಗ್ಗೆ ಹೇಳದೆ ಇರೋಕಾಗಲ್ಲ. ಯುದ್ಧದ ಟೈಮಲ್ಲಿ ಮಿಲಿಟರಿ ರೈಲ್ವೆಯವರು ವರ್ಜೀನಿಯಾದ ಅಲೆಕ್ಸಾಂಡ್ರಿಯಾದಲ್ಲಿ ಪ್ರೆಸಿಡೆಂಟ್ ಓಡಾಡೋಕೆ ಅಂತಾನೇ ಕಟ್ಟಿದ್ರು, ಹೆಸರು 'ಯುನೈಟೆಡ್ ಸ್ಟೇಟ್ಸ್', ಹದಿನಾರು ಚಕ್ರ, ಒಳಗೆಲ್ಲ ಸೋಫಾ ಗೀಫಾ ರಾಜ ವೈಭೋಗ. ಬದುಕಿದ್ದಾಗ ಲಿಂಕನ್ ಅದ್ರಲ್ಲಿ ಒಂದ್ಸಲಾನೂ ಕೂರಲಿಲ್ಲ, ಮೊದಲ ಪ್ರಯಾಣವೇ ಇದು.

ಏಪ್ರಿಲ್ 21ರ ಬೆಳಗ್ಗೆ 8 ಗಂಟೆಗೆ ಒಂಬತ್ತು ಬೋಗಿಯ ಟ್ರೈನ್ ಹೊರಟಿತು. ಗಂಟೆಗೆ 20 ಮೈಲಿ ಮೇಲೆ ಹೋಗಂಗಿಲ್ಲ, ಸ್ಟೇಷನ್ ದಾಟುವಾಗ ಇನ್ನೂ ನಿಧಾನ, 5 ಮೈಲಿ. ಹಳಿ ಸರಿ ಇದ್ಯಾ ನೋಡೋಕೆ ಹತ್ತು ನಿಮಿಷ ಮುಂದೆ ಬೇರೆ ಇಂಜಿನ್ ಓಡ್ತಿತ್ತು. ಯಾವ ಊರಿಗೆ ಎಷ್ಟೊತ್ತಿಗೆ ಅಂತ ಟೈಮ್ ಟೇಬಲ್ ಮೊದಲೇ ಹೊರಡಿಸಿದ್ರು. ಟಿವಿ ಇಲ್ಲ, ರೇಡಿಯೋ ಇಲ್ಲ, ಪೇಪರಲ್ಲಿ ಫೋಟೋ ಅಚ್ಚು ಹಾಕೋ ತಂತ್ರಾನೂ ಬಂದಿರ್ಲಿಲ್ಲ, ಹಾಗಾಗಿ ರಾಜಧಾನಿಯ ಸಾವು ಮೂಲೆ ಊರಿನವರಿಗೆ ಕಣ್ಣಿಗೆ ಕಾಣಬೇಕು ಅಂದ್ರೆ ಅದೇ ಅವರ ಊರಿಗೆ ಬರಬೇಕಿತ್ತು. ರಾತ್ರಿ ಎರಡು ಮೂರು ಗಂಟೆಗೆ ನಿಲ್ಲದೆ ಹೋಗೋ ಟ್ರೈನ್ ನೋಡೋಕೆ ರೈತರು ಹೆಂಡತಿ ಮಕ್ಕಳನ್ನ ಕಟ್ಕೊಂಡು ಗಾಡೀಲಿ ಬಂದು ಹಳಿ ಪಕ್ಕ ಬೆಂಕಿ ಹಾಕ್ಕೊಂಡು ಕಾಯ್ತಿದ್ರು. ಅವರಿಗೆ ಮುಖ ಕಾಣ್ತಿರ್ಲಿಲ್ಲ, ಪೆಟ್ಟಿಗೇನೂ ಕಾಣ್ತಿರ್ಲಿಲ್ಲ, ಕರಿ ಬಟ್ಟೆ ಸುತ್ತಿದ ಬೋಗಿ ಒಂದು ಕ್ಷಣ ಬೆಂಕಿ ಬೆಳಕಲ್ಲಿ ಹಾದು ಹೋಗೋದು ಅಷ್ಟೆ. ಅದಕ್ಕೋಸ್ಕರ ನಿದ್ದೆಗೆಟ್ಟು ಬರೋರು.

ಮೊದಲ ಸ್ಟಾಪ್ ಬಾಲ್ಟಿಮೋರ್. ನಾಲ್ಕು ವರ್ಷದ ಹಿಂದೆ ಇದೇ ಊರಲ್ಲಿ ಕೊಲ್ಲೋ ಸಂಚು ನಡೆದಿದೆ ಅಂತ ಸುದ್ದಿ ಬಂದು ಲಿಂಕನ್ನನ್ನ ಮಧ್ಯರಾತ್ರಿ ಕದ್ದು ಮುಚ್ಚಿ ದಾಟಿಸಿದ್ರು, ಪೇಪರಿನವರು ಆಗ ಸಿಕ್ಕಾಪಟ್ಟೆ ಗೇಲಿ ಮಾಡಿದ್ರು. ಈಗ ಅದೇ ಊರಿನವರು ಸಾವಿರಗಟ್ಟಲೆ ಸಾಲಲ್ಲಿ ನಿಂತಿದ್ರು, ಪೆಟ್ಟಿಗೆ ಅಲ್ಲಿ ಇಟ್ಟಿದ್ದು ಒಂದೂವರೆ ಗಂಟೆನೋ ಏನೋ, ತುಂಬಾ ಜನ ನೋಡದೇ ವಾಪಸ್ ಹೋದ್ರು.

ಫಿಲಡೆಲ್ಫಿಯಾದ್ದು ಇನ್ನೊಂದು ತರ. 1861ರ ಫೆಬ್ರವರಿ 22ಕ್ಕೆ ಅಲ್ಲಿನ ಇಂಡಿಪೆಂಡೆನ್ಸ್ ಹಾಲಲ್ಲಿ ಲಿಂಕನ್ ಮಾತಾಡ್ತಾ, ಎಲ್ರೂ ಸಮಾನರು ಅನ್ನೋ ತತ್ವ ಬಿಟ್ಟು ದೇಶ ಉಳಿಸೋ ಬದಲು ಇದೇ ಜಾಗದಲ್ಲಿ ನನ್ನನ್ನ ಕೊಂದ್ರೂ ವಾಸಿ ಅನ್ನೋ ಅರ್ಥದ ಮಾತು ಹೇಳಿದ್ರು. ಈಗ ಪೆಟ್ಟಿಗೆ ತಂದು ಇಟ್ಟಿದ್ದು ಅದೇ ಕಟ್ಟಡದೊಳಗೆ. ಮೈಲಿಗಟ್ಟಲೆ ಕ್ಯೂ, ನೂಕುನುಗ್ಗಲು, ಕಿಟಕೀಲಿ ಏಣಿ ಇಟ್ಟು ಜನರನ್ನ ಒಳಗೆ ಬಿಡಬೇಕಾಯ್ತು.

ನ್ಯೂಯಾರ್ಕಿಗೆ ಏಪ್ರಿಲ್ 24ಕ್ಕೆ, ಜೆರ್ಸಿ ಸಿಟಿಯಿಂದ ಹಡ್ಸನ್ ನದಿ ದಾಟಿಸಿ ಫೆರೀಲಿ. ಮೆರವಣಿಗೆಗೆ ಹದಿನಾರು ಕುದುರೆ ಕಟ್ಟಿದ ರಥ, ರಸ್ತೆ ಪಕ್ಕದ ಕಿಟಕಿಗಳನ್ನ ಬಾಡಿಗೆಗೆ ಕೊಟ್ಟು ದುಡ್ಡು ಮಾಡ್ಕೊಂಡವರೂ ಇದ್ರು, ಎಲ್ಲಿ ಜನ ಸೇರ್ತಾರೋ ಅಲ್ಲಿ ಅದು ಇದ್ದಿದ್ದೇ ಬಿಡಿ. ನನಗೆ ಸಿಟ್ಟು ಬರೋದು ಬೇರೆ ವಿಷಯಕ್ಕೆ. ಮೆರವಣಿಗೇಲಿ ಕಪ್ಪು ಜನ ನಡೀಬಾರದು ಅಂತ ಊರಿನ ಕೌನ್ಸಿಲ್ ಹೇಳಿಬಿಡ್ತು. ಗುಲಾಮಗಿರಿ ತೆಗೆಯೋಕೆ ಹೊರಟವನ ಶವಯಾತ್ರೆ ಇದು! ವಾಷಿಂಗ್ಟನ್ನಿಂದ ಯುದ್ಧ ಇಲಾಖೆ ಟೆಲಿಗ್ರಾಂ ಕಳಿಸಿದ್ಮೇಲೆ ಬಿಟ್ರು, ಅದೂ ಎಲ್ಲರಿಗಿಂತ ಹಿಂದೆ, ಮೆರವಣಿಗೆಯ ಬಾಲದಲ್ಲಿ.

ಇದೇ ನ್ಯೂಯಾರ್ಕ್ ಸಿಟಿ ಹಾಲಲ್ಲೇ ಫೋಟೋ ಪ್ರಕರಣ ಆಗಿದ್ದು. ಜೆರೆಮಯಾ ಗರ್ನಿ ಅನ್ನೋ ಫೋಟೋಗ್ರಾಫರ್ ಮೇಲಿಂದ, ತೆರೆದ ಪೆಟ್ಟಿಗೆಯ ತಲೆ ಕಡೆ ಒಬ್ರು ಕಾಲ ಕಡೆ ಒಬ್ರು ಅಧಿಕಾರಿಗಳನ್ನ ನಿಲ್ಲಿಸಿ ಫೋಟೋ ತೆಗೆದ. ಮನೆಯವರಿಗೆ ನೋವಾಗುತ್ತೆ ಅಂತ ಸ್ಟಾಂಟನ್ ಕೆಂಡಾಮಂಡಲ ಆಗಿ ಪ್ಲೇಟು ಪ್ರಿಂಟು ಎಲ್ಲ ನಾಶ ಮಾಡಿ ಅಂತ ಆರ್ಡರ್ ಮಾಡಿದ್ರು. ನಾಶ ಆಯ್ತು ಅಂತಾನೇ ಎಲ್ರೂ ತಿಳ್ಕೊಂಡಿದ್ರು. 1952ರಲ್ಲಿ ಇಲಿನಾಯ್‌ನ ಲೈಬ್ರರೀಲಿ ಹಳೇ ಕಾಗದಪತ್ರ ನೋಡ್ತಿದ್ದ ಹದಿನಾಲ್ಕು ವರ್ಷದ ಹುಡುಗನಿಗೆ ಅದರ ಒಂದು ಪ್ರಿಂಟ್ ಸಿಕ್ತು. ಅದು ಉಳಿದಿದ್ದು ಯಾರ ಹತ್ರ ಗೊತ್ತಾ, ಸ್ಟಾಂಟನ್ ಹತ್ರಾನೇ. ನಾಶ ಮಾಡಿ ಅಂದವರೇ ಒಂದು ಪ್ರಿಂಟ್ ಇಟ್ಕೊಂಡಿದ್ರು, ಅವರ ಕಾಲ ಆದ್ಮೇಲೆ ಮಗ ಅದನ್ನ ಲಿಂಕನ್ನಿನ ಹಳೇ ಸೆಕ್ರೆಟರಿಗೆ ಕಳಿಸಿದ್ರು. ಫೋಟೋದಲ್ಲಿ ಮುಖ ಸಣ್ಣದಾಗಿ ಮಸುಕಾಗಿದೆ, ಗಡ್ಡ ಮೂಗು ಗುರುತು ಸಿಗುತ್ತೆ.

ಈಗ ನಿಮ್ಮ ಎರಡನೇ ಪ್ರಶ್ನೆ. ನ್ಯೂಯಾರ್ಕಲ್ಲೇ ಪೇಪರಿನವರು ಮುಖದ ಬಣ್ಣ ಕೆಡ್ತಿದೆ ಅಂತ ಬರೆಯೋಕೆ ಶುರು ಮಾಡಿದ್ರು. ಎಂಬಾಮಿಂಗ್ ಮಾಡೋನು ಟ್ರೈನಲ್ಲೇ ಇದ್ದ, ಪ್ರತಿ ಊರಲ್ಲೂ ಮುಚ್ಚಳ ತೆಗೆಯೋ ಮುಂಚೆ ಧೂಳು ಒರೆಸಿ ಪೌಡರ್ ಹಚ್ಚಿ ಸರಿ ಮಾಡೋನು. ಗಂಟೆಗಟ್ಟಲೆ ತೆರೆದಿಟ್ಟ ಪೆಟ್ಟಿಗೆ, ಸಾವಿರಾರು ಕಾಲುಗಳ ಧೂಳು, ಎಷ್ಟು ಅಂತ ತಡೆಯುತ್ತೆ. ಏಪ್ರಿಲ್ 26ಕ್ಕೆ ಟ್ರೈನ್ ಆಲ್ಬನಿಯಲ್ಲಿದ್ದಾಗ ಬೂತ್‌ನನ್ನ ವರ್ಜೀನಿಯಾದ ಹೊಗೆಸೊಪ್ಪಿನ ಕೊಟ್ಟಿಗೇಲಿ ಸುತ್ತುವರೆದು ಹೊಡೆದು ಹಾಕಿದ್ರು. ಬಫಲೋ ಆಯ್ತು. ಕ್ಲೀವ್‌ಲ್ಯಾಂಡಲ್ಲಿ ಅಷ್ಟು ಜನ ಹಿಡಿಸೋ ಹಾಲ್ ಇಲ್ಲ ಅಂತ ಚೌಕದಲ್ಲೇ ಮಂಟಪ ಕಟ್ಟಿದ್ರು, ಸುರಿಯೋ ಮಳೇಲಿ ಜನ ಬಂದ್ರು. ಕೊಲಂಬಸ್. ಇಂಡಿಯಾನಾಪೊಲಿಸಲ್ಲಿ ಮಳೆ ಎಷ್ಟು ಅಂದ್ರೆ ದೊಡ್ಡ ಮೆರವಣಿಗೇನೇ ಕ್ಯಾನ್ಸಲ್, ಆದ್ರೂ ಕ್ಯೂ ಮಾತ್ರ ಇತ್ತು. ಶಿಕಾಗೋದಲ್ಲಿ ಬಿಳಿ ಬಟ್ಟೆಯ 36 ಹುಡುಗೀರು ಜೊತೇಲಿ ನಡೆದ್ರು, ಆಗ ಇದ್ದ 36 ರಾಜ್ಯಕ್ಕೆ ಒಬ್ಬೊಬ್ಬರಂತೆ. ಮೇ 3ಕ್ಕೆ ಸ್ಪ್ರಿಂಗ್‌ಫೀಲ್ಡ್ ಮುಟ್ಟೋ ಹೊತ್ತಿಗೆ ಮುಖ ಕಪ್ಪಾಗಿತ್ತು, ಅಲ್ಲಿನ ಲೋಕಲ್ ಮನುಷ್ಯನೊಬ್ಬ ಚಾಕ್ ಪುಡಿ, ರೂಜ್ ಎಲ್ಲ ಹಚ್ಚಿ ನೋಡೋ ಹಾಗೆ ಮಾಡಿದ. ಅವರನ್ನ ಇಪ್ಪತ್ತು ಚಿಲ್ಲರೆ ವರ್ಷ ದಿನಾ ಬೀದೀಲಿ ನೋಡಿದ್ದ ಜನ ಅಲ್ಲಿ ಕ್ಯೂ ನಿಂತಿದ್ರು, ಅವರಿಗೆ ಏನು ಅನ್ನಿಸಿರಬೇಕು.

ಹಾಗಿದ್ರೂ ಮುಚ್ಚಿಬಿಡಿ ಅಂತ ಯಾಕೆ ಹೇಳ್ಲಿಲ್ಲ? ಸ್ಟಾಂಟನ್ ರಾಜಕೀಯ ಒಂದು ಕಾರಣ ಇರಬಹುದು, ನನಗೆ ಅದಕ್ಕಿಂತ ದೊಡ್ಡ ಕಾರಣ ಆ ಕ್ಯೂನಲ್ಲೇ ಕಾಣುತ್ತೆ. ಅಲ್ಲಿ ನಿಂತಿದ್ದವರಲ್ಲಿ ಎಷ್ಟೋ ಜನರ ಮಗನೋ ತಮ್ಮನೋ ಗಂಡನೋ ಯುದ್ಧಕ್ಕೆ ಹೋದವನು ವಾಪಸ್ ಬಂದೇ ಇರ್ಲಿಲ್ಲ, ಕಾಗದ ಬಂತು, ಅದೂ ಎಲ್ರಿಗೂ ಬರ್ಲಿಲ್ಲ. ಕೊನೇ ಸಲ ಮುಖ ನೋಡೋ ಭಾಗ್ಯ ಸಿಗದೇ ನಾಲ್ಕು ವರ್ಷ ಕಳೆದವರಿಗೆ ಯುದ್ಧದಲ್ಲಿ ಸತ್ತ ಒಬ್ಬನ ಬಾಡಿ ಊರಿಗೆ ಬಂದಿದೆ, ಮುಖ ತೆರೆದಿದೆ. ಕಪ್ಪಾಗಿದ್ರೆ ಆಗಲಿ. ಇದು ನನ್ನ ಓದು, ನೀವು ಒಪ್ಪದೇನೂ ಇರಬಹುದು.

ಮೇ 4ಕ್ಕೆ ಓಕ್ ರಿಡ್ಜ್ ಸ್ಮಶಾನ. ಊರಿನವರು ಊರ ಮಧ್ಯೆ ಜಾಗ ರೆಡಿ ಮಾಡಿದ್ರು, ಮೇರಿ ಸುತಾರಾಂ ಒಪ್ಪದೆ ಬೇರೆ ಊರಿಗೇ ತಗೊಂಡು ಹೋಗ್ತೀನಿ ಅಂತ ಹೆದರಿಸಿದ್ಮೇಲೆ ಬಗ್ಗಿದ್ರು. ಲಿಂಕನ್ನಿನ ಹಳೇ ಕುದುರೆ ಓಲ್ಡ್ ಬಾಬ್ ಸವಾರ ಇಲ್ಲದೆ ರಥದ ಹಿಂದೆ ನಡೀತು, ಜೊತೇಲಿ ಹಗ್ಗ ಹಿಡಿದಿದ್ದು ಹೆನ್ರಿ ಬ್ರೌನ್ ಅನ್ನೋ ಕಪ್ಪು ಪಾದ್ರಿ. ಆ ದೊಡ್ಡ ಬೋಗಿ ಆಮೇಲೆ ಯಾರ್ ಯಾರದೋ ಕೈಗೆ ಹೋಗಿ 1911ರಲ್ಲಿ ಮಿನಿಯಾಪೊಲಿಸ್ ಹತ್ರ ಹುಲ್ಲಿಗೆ ಬಿದ್ದ ಬೆಂಕೀಲಿ ಸುಟ್ಟು ಹೋಯ್ತು.

ಬಾಡಿ ಕಥೆ ಮಾತ್ರ ಅಲ್ಲಿಗೇ ಮುಗೀಲಿಲ್ಲ. 1876ರ ಎಲೆಕ್ಷನ್ ದಿನ ರಾತ್ರಿ ಖೋಟಾ ನೋಟಿನ ಗ್ಯಾಂಗೊಂದು ಪೆಟ್ಟಿಗೆ ಕದ್ದು ಎರಡು ಲಕ್ಷ ಡಾಲರ್ ಕೇಳೋಣ, ಖೋಟಾ ನೋಟಿನ ಅಚ್ಚು ಕೆತ್ತಿಕೊಡ್ತಿದ್ದ, ಈಗ ಜೈಲಲ್ಲಿರೋ ತಮ್ಮ ಗ್ಯಾಂಗಿನವನನ್ನ ಬಿಡಿಸ್ಕೊಳ್ಳೋಣ ಅಂತ ಬಂದು ಸಿಕ್ಕಿಬಿದ್ರು. ಆಮೇಲೆ ವರ್ಷಗಟ್ಟಲೆ ಪೆಟ್ಟಿಗೇನ ಅಲ್ಲೇ ಒಳಗೊಳಗೇ ಬಚ್ಚಿಟ್ರು. ಕೊನೆಗೆ 1901ರಲ್ಲಿ ಮಗ ರಾಬರ್ಟ್ ಹತ್ತಡಿ ಆಳದಲ್ಲಿ ಕಬ್ಬಿಣದ ಪಂಜರ ಇಟ್ಟು ಕಾಂಕ್ರೀಟ್ ಸುರಿಯೋಕೆ ಹೇಳಿದ್ರು. ಸುರಿಯೋ ಮುಂಚೆ, ಒಳಗೆ ಇರೋದು ಅವರೇನಾ ಅಂತ ಗ್ಯಾರಂಟಿ ಮಾಡ್ಕೊಳ್ಳೋಣ ಅಂತ ತಲೆ ಕಡೆ ಸೀಸದ ಹೊದಿಕೆ ಕತ್ತರಿಸಿದ್ರು. 23 ಜನ ಬಗ್ಗಿ ನೋಡಿದ್ರು. ಸತ್ತು 36 ವರ್ಷ ಆಗಿತ್ತು. ಚಾಕ್ ಹಚ್ಚಿದ ಮುಖ ಬೆಳ್ಳಗಿತ್ತು, ಗಡ್ಡ ಇತ್ತು, ಕೆನ್ನೆ ಮೇಲಿನ ಮಚ್ಚೆನೂ ಇತ್ತು, ಯಾರಿಗೂ ಡೌಟ್ ಬರ್ಲಿಲ್ಲ. ಆ 23 ಜನರಲ್ಲಿ ಫ್ಲೀಟ್‌ವುಡ್ ಲಿಂಡ್ಲಿ ಅಂತ ಹದಿಮೂರು ವರ್ಷದ ಹುಡುಗನೂ ಇದ್ದ, ಅವರಪ್ಪ ಸ್ಕೂಲಿಂದ ಬೇಗ ಬಾ ಅಂತ ಹೇಳಿ ಕಳಿಸಿದ್ರಂತೆ, ಸೈಕಲ್ ತುಳ್ಕೊಂಡು ಬಂದ, ನೋಡಿದ, ಆಮೇಲೆ ಪೆಟ್ಟಿಗೆ ಕೆಳಗಿಳಿಸುವಾಗ ಚರ್ಮದ ಪಟ್ಟಿ ಒಂದನ್ನ ತಾನೂ ಹಿಡ್ಕೊಂಡಿದ್ದ.